ಶಿವನಿ ಸ್ಟೇಷನ್ನಿನಲ್ಲಿ ಕೇಳಿದ ಚರಣ

ಸಿಟ್ಟು ತಡೆಯಲಾರದೆ ಶಿವನಿ ಸ್ಟೇಷನ್ನಿಗೆ ಓಡಿಹೋಗಿ, ಸಿಗ್ನಲ್‌ಗಾಗಿ ನಿಂತಿದ್ದ ಗೂಡ್ಸ್ ಗಾಡಿಯ ಡ್ರೈವರನ್ನು ತರಾಟೆಗೆ ತೆಗೆದುಕೊಂಡೆ.

ಎಪ್ಪತ್ತರ ದಶಕದ ಕೊನೆ, ನಾನಾಗ ಹೈಸ್ಕೂಲ್ ಹುಡುಗಿ. ಹಳಿ ಪಕ್ಕದ ನಮ್ಮ ಕೇರಿಗೆಲ್ಲ ಪಂಚಾಯ್ತಿ ರೇಡಿಯೊ ಒಂದೇ. ವಾರಕ್ಕೊಂದು ಸಂಜೆ ಅದರಲ್ಲಿ 'ನೀವು ಕೇಳಲೇಬೇಕಾದ ಹೊಸ ಹಾಡು' ಬರುತ್ತಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಈ ಗಾಡಿ ಕೂಗುತ್ತಾ ಬರುತ್ತಿತ್ತು. ಒಂದು ಹಾಡಿನ ಚರಣವೂ ನೆಟ್ಟಗೆ ಕಿವಿಗೆ ಬಿದ್ದಿರಲಿಲ್ಲ.

"ಒಂದ್ ಗಳಿಗೆ ತಡೆದು ಕೂಗಿದ್ರೆ ನಿಮ್ಮ ಗಂಟೇನ್ ಹೋಗ್ತಿತ್ತು? ಇವತ್ತಿನ ಹಾಡೂ ಹಾಳಾಗೋಯ್ತು!"

ನಡುವಯಸ್ಸಿನ ಆತ ಮುಖದ ಮಸಿ ಒರೆಸಿಕೊಂಡು, ಯಾವ ಹಾಡೆಂದು ಕೇಳಿದ. ಪಲ್ಲವಿ ಹೇಳಿದೆ.

"ಅದಾ? ನಂಗೆ ಬತ್ತದೆ ಕಣಮ್ಮ, ಕೇಳು" ಎಂದವನೇ ಎಂಜಿನ್ನಿನ ಮೆಟ್ಟಿಲ ಮೇಲೆ ನಿಂತು ಎರಡೂ ಚರಣ ಹಾಡಿದ. ಒಂದು ಸ್ವರವೂ ಜಾಗದಲ್ಲಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಸಿಗ್ನಲ್ ಬಿತ್ತು. ಆತ ಕೈಬೀಸಿ ಹೊರಟುಹೋದ.

ಮುಂದೊಮ್ಮೆ ಕಡೂರಿನ ಹೋಟೆಲ್ಲೊಂದರಲ್ಲಿ ಆ ಹಾಡನ್ನು ಪೂರ್ತಿ ಕೇಳಿದೆ. ಗಾಯಕಿಯೇ ರಾಗ ತಪ್ಪಿದಂತೆ ಅನ್ನಿಸಿತು! ಇವತ್ತಿಗೂ ಅದನ್ನು ಗುನುಗಿದರೆ ಆತನ ಅಪಸ್ವರವೇ ಬಾಯಿಗೆ ಬರುತ್ತದೆ. ಯಾರನ್ನು ಬೈಯಲಿ?