ಮೂವತ್ತೊಂದನೇ ಕಂತಿನಲ್ಲಿ ದೋಣಿಯಿಂದ ಇಳಿದವನು

ಬಾಲ್ಕನಿಯ ಚಟ್ಟಿಯಿಂದ ಎರಡು ಕಡ್ಡಿ ಕರಿಬೇವು ಮುರಿದುಕೊಂಡು ಒಳಗೆ ಬರುತ್ತಿದ್ದೆ. ಬೆರಳಿಗೆಲ್ಲ ಅದರ ವಾಸನೆ ಹತ್ತಿತ್ತು. ಆಗ ಮೊಮ್ಮಗಳು ಶ್ರಾವ್ಯ ಕೈಯಲ್ಲಿದ್ದ ಫೋನನ್ನು ಸೋಫಾದ ಮೇಲೆ ಬಿಸಾಡಿದಳು. ಅವಳು ಓದುವ ಯಾವುದೋ ಇಂಗ್ಲಿಷ್ ಕತೆಯ ಮುಂದಿನ ಕಂತು ಹತ್ತು ದಿನವಾದರೂ ಬಂದಿಲ್ಲವಂತೆ. ಬರೆಯುವವಳು ಸೋಮಾರಿಯಂತೆ, ಓದುವವರ ಮೇಲೆ ಮರ್ಯಾದೆ ಇಲ್ಲದವಳಂತೆ. "ಸರಿಯಾಗಿ ಒಂದು ಕಮೆಂಟ್ ಹಾಕ್ತೇನೆ ಅಜ್ಜಿ, ಶೀ ಡಿಸರ್ವ್ಸ್ ಇಟ್" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಹನ್ನೆರಡನೇ ಕ್ಲಾಸಿನ ಹುಡುಗಿ, ತಿಂದ ತಟ್ಟೆ ತೊಳೆಯಲು ಮೂರು ಸಲ ಹೇಳಬೇಕು, ಇವಳು ಇನ್ನೊಬ್ಬಳನ್ನು ಸೋಮಾರಿ ಅನ್ನುವುದು. ಕರಿಬೇವನ್ನು ಟೀಪಾಯಿಯ ಮೇಲಿಟ್ಟು ಫೋನು ಇಲ್ಲಿ ಕೊಡು ಅಂದೆ. ಅಷ್ಟು ಸಿಟ್ಟು ಯಾಕೆ ಅಂತ ನಿಮಗೆ ತಿಳಿಯಬೇಕಾದರೆ ಆ ಕರಿಬೇವಿನ ಗಿಡ ನಮ್ಮ ಮನೆಗೆ ಬಂದ ಸಂಗತಿ ಹೇಳಬೇಕು.

ಮಸ್ಕತ್ತಿನ ಅಲ್ ಅಜೈಬಾದಲ್ಲಿ ನನ್ನ ಮಗನ ಮನೆ ಎರಡನೇ ಮಾಳಿಗೆಯಲ್ಲಿ. ಸೊಸೆ ಶಾಲೆಯಲ್ಲಿ ಟೀಚರು. ಶ್ರಾವ್ಯ ಮೂರನೇ ಕ್ಲಾಸಿಗೆ ಬಂದ ವರ್ಷ ಅವಳನ್ನು ನೋಡಿಕೊಳ್ಳಲಿಕ್ಕೆ ಅಂತ ಉಡುಪಿ ಕಡೆಯಿಂದ ನನ್ನನ್ನು ಕರೆಸಿಕೊಂಡರು. ಊರಿನಲ್ಲಿ ಬೇಲಿಯಾಚೆ ಮಾತಾಡಲು ಜನ ಇತ್ತು, ಇಲ್ಲಿ ಗೋಡೆ. ನನ್ನ ಗೊಣಗಾಟ ತಡೆಯಲಾರದೆ ಆ ಮಗುವೇ ನನ್ನ ಫೋನಿಗೆ ಕತೆ ಓದುವ ಆ್ಯಪ್ ಒಂದನ್ನು ಹಾಕಿಕೊಟ್ಟಿತು. ಅದರ ಹೆಸರು ಬೇಡ, ಪುಕ್ಕಟೆ ಪ್ರಚಾರ ನಾನು ಯಾಕೆ ಕೊಡಲಿ. ಯಾರು ಬೇಕಾದರೂ ಅದರಲ್ಲಿ ಕಂತು ಕಂತಾಗಿ ಕತೆ ಬರೆದು ಹಾಕಬಹುದು, ಯಾರು ಬೇಕಾದರೂ ಓದಿ ಕೆಳಗೆ ನಾಲ್ಕು ಮಾತು ಬರೆಯಬಹುದು.

ನಾನು ಕಲಿತದ್ದು ನಾಲ್ಕನೇ ಕ್ಲಾಸು. ಆಮೇಲೆ ಬೀಡಿ ಕಟ್ಟಿದೆ. ಮನಸ್ಸಿನೊಳಗೇ ಓದುವ ವಿದ್ಯೆ ನನಗೆ ಇವತ್ತಿಗೂ ಬರುವುದಿಲ್ಲ, ಬಾಯಿ ಬಿಟ್ಟು ಓದಿದರೆ ಮಾತ್ರ ಅಕ್ಷರ ತಲೆಗೆ ಇಳಿಯುವುದು. ನಮ್ಮ ಮೇಷ್ಟ್ರ ಲೆಕ್ಕದಲ್ಲಿ ಕಿರುಚಿದವನು ಓದಿದ, ಸುಮ್ಮನಿದ್ದವನು ನಿದ್ದೆ ಮಾಡಿದ. ಬೀಡಿ ಕಟ್ಟುವಾಗ ಅದೇ ನನಗೆ ಉಪಕಾರವಾಯಿತು. ಜಗಲಿಯಲ್ಲಿ ಏಳೆಂಟು ಹೆಂಗಸರು ಮೊರ ಇಟ್ಟುಕೊಂಡು ಕೂರುವುದು, ವಾರಪತ್ರಿಕೆಯ ಧಾರಾವಾಹಿಯನ್ನು ನಾನು ಗಟ್ಟಿಯಾಗಿ ಓದುವುದು, ನನ್ನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ಓದುವ ನಡುವೆ ಕತೆಯ ಗಂಡಂದಿರನ್ನೂ ಅತ್ತೆಯಂದಿರನ್ನೂ ಬಾಯಿ ತುಂಬ ಬೈಯುವುದೂ ಓದಿನೊಳಗೇ ಸೇರಿತ್ತು. ಬೈಯದೆ ಓದಿದರೆ ಕತೆ ರುಚಿಸುತ್ತಿರಲಿಲ್ಲ, ಉಪ್ಪಿಲ್ಲದ ಗಂಜಿಯ ಹಾಗೆ.

ಮಸ್ಕತ್ತಿಗೆ ಬಂದರೂ ಅಭ್ಯಾಸ ಹೋಗಲಿಲ್ಲ. ಮಧ್ಯಾಹ್ನ ಅಡುಗೆಮನೆಯ ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಓದುತ್ತಿದ್ದೆ. ಆ ಕಿಟಕಿಯ ಆಚೆ ಗಾಳಿಗೆಂದು ಬಿಟ್ಟ ಬಾವಿಯಂಥ ಜಾಗ, ಎಲ್ಲ ಮನೆಯ ಅಡುಗೆಮನೆಯೂ ಅದಕ್ಕೇ ತೆರೆಯುವುದು. ಮೇಲಿನವರ ಕುಕ್ಕರಿನ ಸೀಟಿ ನಮಗೆ, ನಮ್ಮ ಒಗ್ಗರಣೆಯ ಘಾಟು ಅವರಿಗೆ. ಅಮ್ಮಾ, ಇಡೀ ಬಿಲ್ಡಿಂಗಿಗೆ ಕೇಳ್ತದೆ ಅಂತ ಮಗ ಹೇಳಿದ್ದ. ಕೇಳಿದರೆ ಯಾರ ಕಿವಿಯೂ ಸವೆಯುವುದಿಲ್ಲ ಅಂದಿದ್ದೆ.

ನಾನು ಹಿಡಿದುಕೊಂಡದ್ದು 'ಕಡಲಹಕ್ಕಿ' ಅಂತ ಹೆಸರಿಟ್ಟುಕೊಂಡವಳ ಕತೆ. ವಾರಕ್ಕೆರಡು ಕಂತು. ರೇವತಿ ಅಂತ ಒಬ್ಬಳು, ಮದುವೆಯಾದ ವರ್ಷವೇ ಗಂಡ ಮೀನುಗಾರಿಕೆಯ ದೋಣಿಯಲ್ಲಿ ಹೋದವನು ಬರಲಿಲ್ಲ. ಸತ್ತ ಅನ್ನಲು ಹೆಣ ಇಲ್ಲ, ಬದುಕಿದ್ದಾನೆ ಅನ್ನಲು ಸುದ್ದಿ ಇಲ್ಲ. ಕುಂಕುಮ ಅಳಿಸು ಅಂತ ಮೂವರು ನಾದಿನಿಯರು, ಅಳಿಸುವುದಿಲ್ಲ ಅಂತ ಇವಳು. ನಾನು ಆ ನಾದಿನಿಯರನ್ನು ಬೈದ ಬೈಗುಳ ಒಟ್ಟು ಮಾಡಿದ್ದರೆ ಬೇರೆಯೇ ಒಂದು ಕತೆ ಆಗುತ್ತಿತ್ತು.

ಒಂದು ಕಂತಿನಲ್ಲಿ ಆ ಮನೆಯವರು ನಾಗರಪಂಚಮಿಯ ದಿನ ಬಂಗುಡೆ ಸಾರು ಮಾಡಿ ಉಂಡರು. ನಾನು ಕಿಟಕಿಯ ಹತ್ತಿರವೇ ಕೂಗಿಬಿಟ್ಟೆ, ಪಂಚಮಿಯ ದಿನ ಮೀನು ಒಳಗೆ ತರುವ ಮನೆ ಎಂಥ ಮನೆ ಮಾರಾಯ್ತಿ, ಇವಳು ಮಂಡೆ ಸಮ ಇಟ್ಟುಕೊಂಡು ಬರೀತಾಳಾ ಅಂತ. ಎರಡು ದಿನ ಬಿಟ್ಟು ನೋಡುತ್ತೇನೆ, ಆ ಕಂತೇ ಬದಲಾಗಿದೆ. ಮೀನು ತಂದವನನ್ನು ಅತ್ತೆ ಅಂಗಳದಿಂದಲೇ ಓಡಿಸಿದ್ದಾಳೆ, ಅರಶಿನ ಎಲೆಯಲ್ಲಿ ಕಡುಬು ಬೆಂದಿದೆ. ಪರವಾಗಿಲ್ಲ, ಬುದ್ಧಿ ಉಂಟು ಇವಳಿಗೆ ಅಂದುಕೊಂಡೆ. ಆ ಎರಡು ದಿನದ ನಡುವೆ ಕೆಳಗಿನ ಮನೆಯ ಜೆಸಿಂತಾ ಬಂದು, ಅಮ್ಮ, ಪಂಚಮಿಗೆ ನೀವು ಎಂಥ ಮಾಡುದು ಅಂತ ಕೇಳಿದ್ದಳು. ನಾನು ಒಂದು ಗಂಟೆ ಹೇಳಿದ್ದೆ. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ನನಗೇ ಇರಲಿಲ್ಲ ನೋಡಿ.

ಜೆಸಿಂತಾ ಶಿರ್ವ ಕಡೆಯವಳು, ಮನೆಯಲ್ಲಿ ಕೊಂಕಣಿ. ಗಂಡ ದೂರದ ದುಕ್ಮ್‌ನಲ್ಲಿ ಹೊಸ ಬಂದರಿನ ಕೆಲಸಕ್ಕಿದ್ದ. ಕಂಪನಿಯ ಕ್ಯಾಂಪಿನಲ್ಲಿ ಇದ್ದುಕೊಂಡು ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಮಕ್ಕಳಿಲ್ಲ. ಮೆತ್ತಗಿನ ಹೆಂಗಸು, ನಾನು ಹತ್ತು ಮಾತಾಡಿದರೆ ಒಂದು ಆಡುವವಳು. ಅಂಥವರ ಬಗ್ಗೆ ನನಗೆ ಸಸಾರ ಇತ್ತು, ಒಪ್ಪಿಕೊಳ್ಳುತ್ತೇನೆ.

ಅದು ಕಚ್ಚಾ ಎಣ್ಣೆಯ ಬೆಲೆ ಬಿದ್ದು ಕಂಪನಿಗಳು ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ಪ್ರತಿ ಶುಕ್ರವಾರ ಕೆಳಗೆ ಯಾರದೋ ಸೋಫಾ, ಯಾರದೋ ಫ್ರಿಜ್ಜು ಲಾರಿ ಹತ್ತುತ್ತಿತ್ತು. ಮಗ ಆಫೀಸಿನಿಂದ ಬಂದರೆ ಇವತ್ತು ಯಾರು ಅಂತ ಸೊಸೆ ಕೇಳುವಳು, ಅವನು ಒಂದು ಹೆಸರು ಹೇಳಿ ಕೈ ತೊಳೆಯಲು ಹೋಗುವನು. ಆ ಸಮಯದಲ್ಲೇ ಮೂವತ್ತೊಂದನೇ ಕಂತು ಬಂತು. ರೇವತಿ ದೋಣಿ ಕಟ್ಟುವ ಧಕ್ಕೆಯಲ್ಲಿ ನಿಂತಿದ್ದಾಳೆ, ಗುರುತಿಲ್ಲದ ದೋಣಿಯೊಂದು ಬಂತು, ಅದರಿಂದ ಒಬ್ಬ ಗಂಡಸು ಇಳಿದ, ಇವಳಿಗೆ ಬೆನ್ನು ಹಾಕಿ ನಿಂತ. ಅಷ್ಟೇ. ಮುಂದೆ ಇಲ್ಲ. ಒಂದು ವಾರ ಇಲ್ಲ, ಎರಡು ವಾರ ಇಲ್ಲ.

ಕೆಳಗೆ ಓದುವವರ ಮಾತು ನೋಡಬೇಕಿತ್ತು ನೀವು. ಸತ್ತಿದ್ದೀಯಾ ಅಂತ ಒಬ್ಬ. ಮುಗಿಸಲು ಬಾರದಿದ್ದರೆ ಪೆನ್ನು ಹಿಡಿಯಬೇಡ ಅಂತ ಒಬ್ಬಳು, ಕೆಳಗೆ ಅವಳಿಗೆ ಚಪ್ಪಾಳೆ ತಟ್ಟಿದವರು ಮತ್ತಷ್ಟು. ನಾನು ಏನು ಕಮ್ಮಿಯಾ? ಅಭಿಪ್ರಾಯ ಬರೆಯಲು ಬಾರದು, ಬಾಯಿ ಇತ್ತಲ್ಲ. ಮೇ ತಿಂಗಳ ಸೆಕೆ, ಕಿಟಕಿ ಪೂರ್ತಿ ತೆರೆದಿತ್ತು. ಅಲ್ಲಿಯೇ ಕೂತು ಹೇಳಿದೆ, ಗಂಡ ದುಡಿದು ಹಾಕ್ತಾನೆ, ಇವಳು ಎಸಿಯಲ್ಲಿ ಕೂತು ನಮ್ಮನ್ನು ಧಕ್ಕೆಯಲ್ಲಿ ನಿಲ್ಲಿಸಿ ಮಜಾ ನೋಡ್ತಾಳೆ.

ಮರುದಿನ ಬೆಳಿಗ್ಗೆ ಬಾಗಿಲು ಬಡಿದದ್ದು ಜೆಸಿಂತಾ. ಕೈಯಲ್ಲಿ ಕರಿಬೇವಿನ ಚಟ್ಟಿ. ಬುಧವಾರ ಊರಿಗೆ ಹೋಗ್ತಾ ಇದ್ದೇವೆ ಅಮ್ಮ, ಇದು ಬಿಟ್ಟು ಹೋದರೆ ಒಣಗ್ತದೆ ಅಂದಳು. ದುಕ್ಮ್‌ನ ಕಂಪನಿ ಅವಳ ಗಂಡನಿಗೆ ಫೋನಿನಲ್ಲಿ ಎರಡು ಸಾಲು ಕಳಿಸಿತ್ತಂತೆ. ಹನ್ನೊಂದು ವರ್ಷ ದುಡಿದವನಿಗೆ ಎರಡು ಸಾಲು, ಖಲಾಸ್. ನಮ್ಮೂರಲ್ಲಿ ಕೋಳಿ ಮಾರುವಾಗ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ಕೂರು, ಚಾ ಕುಡಿ ಅಂದೆ. ಅವಳು ಕೂರಲಿಲ್ಲ. ಚಟ್ಟಿ ಕೆಳಗಿಟ್ಟು ಸೀರೆಯ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಅಮ್ಮ, ಆ ಎಸಿಯಲ್ಲಿ ಕೂತವಳು ನಾನೇ" ಅಂದಳು. "ನಮ್ಮ ಎಸಿ ಹಾಳಾಗಿ ಹದಿನೈದು ದಿನ ಆಯ್ತು."

ನಾನು ಒಳಗೆ ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿ ಬಂದೆ.

ಅವಳೇ ಹೇಳಿದಳು. ತಮ್ಮವರ ಮನೆಯ ಕತೆ ಬರೆದರೆ ಇಗರ್ಜಿಯಲ್ಲಿ ಗುರುತು ಹಿಡಿಯುತ್ತಾರೆ ಅಂತ ಹೆದರಿ ನಮ್ಮವರ ಮನೆ ಮಾಡಿ ಬರೆದದ್ದಂತೆ. ಅಡುಗೆಮನೆಯ ಕಿಟಕಿಯ ಹತ್ತಿರವೇ ಅವಳೂ ಕೂರುತ್ತಿದ್ದದ್ದು. ನಾನು ಮೇಲೆ ಓದುವುದನ್ನು ಕೆಳಗೆ ಕೇಳಿ, ನಾನು ಬೈದದ್ದನ್ನೆಲ್ಲ ತಿದ್ದುತ್ತಿದ್ದಳಂತೆ. "ಓದಿದವರು ಇಷ್ಟು ಜನ ಅಂತ ಫೋನು ತೋರಿಸ್ತದೆ ಅಮ್ಮ. ಓದುದನ್ನು ನಾನು ಕಿವಿಯಲ್ಲಿ ಕೇಳಿದ್ದು ನಿಮ್ಮದೊಂದೇ" ಅಂದಳು. ಹಾಗಾಗಿ ನಿನ್ನೆ ನಾನು ಆಡಿದ ಮಾತೂ ಕೇಳಿಸಿತಂತೆ. ಉಳಿದವರು ಬರೆದದ್ದನ್ನು ತಡೆದುಕೊಂಡಿದ್ದೆ, ಇನ್ನು ಸಾಕು, ಹೋಗುವ ಮೊದಲು ಎಲ್ಲ ಮೂವತ್ತೊಂದೂ ಅಳಿಸಿಬಿಡುತ್ತೇನೆ ಅಂದಳು.

ತಪ್ಪಾಯಿತು ಅನ್ನುವ ಅಭ್ಯಾಸ ನಮ್ಮ ಪೈಕಿಯಲ್ಲಿ ಇಲ್ಲ. ಅಳಿಸಬೇಡ ಅಂದೆ. ಇಳಿದವನು ಅವಳ ಗಂಡನಾ ಅಲ್ವಾ ಅಂತ ಕೇಳಿದೆ. ನನಗೂ ಗೊತ್ತಿಲ್ಲ ಅಮ್ಮ, ಅವನ ಮುಖ ತಿರುಗಿಸಬೇಕು ಅಂತ ಕೂತಾಗಲೇ ಇವರ ಫೋನು ಬಂತು, ಆಮೇಲೆ ತಿರುಗಿಸಲಿಕ್ಕೆ ಕೈ ಬರಲಿಲ್ಲ ಅಂದಳು. ಆಗ ನಗಾಡಿದಳು, ಅದಕ್ಕಿಂತ ಅತ್ತಿದ್ದರೆ ವಾಸಿಯಿತ್ತು.

ಅವಳು ಇಳಿದು ಹೋದದ್ದೇ ಶ್ರಾವ್ಯಳನ್ನು ಕೂರಿಸಿಕೊಂಡೆ. ಕನ್ನಡ ಅಕ್ಷರ ಅವಳಿಗೆ ಅರ್ಧ ಬರುತ್ತಿತ್ತು, ನಾನು ಹೇಳಿದೆ, ಅವಳು ಒಂದೊಂದೇ ಒತ್ತಿದಳು. ಪುಕ್ಕಟೆ ಪಂಕ್ತಿಯಲ್ಲಿ ಕೂತು ಪಲ್ಯ ಬರಲಿಲ್ಲ ಅಂತ ಎಲೆ ಬಡಿಯುವವರೇ, ಬಡಿಸುವವಳ ಒಲೆ ಹೊತ್ತಿದೆಯಾ ಅಂತ ಒಬ್ಬರಾದರೂ ಕೇಳಿದ್ದೀರಾ ಅಂತ ಶುರು. ಮುಂದಿನದು ಇಲ್ಲಿ ಬರೆಯುವ ಹಾಗಿಲ್ಲ, ಬೀಡಿಯ ಜಗಲಿಯಲ್ಲಿ ಕಲಿತದ್ದು. ಮಗುವಿಗೆ ಅರ್ಥ ಆಗಲಿಲ್ಲ, ಪುಣ್ಯ.

ಸಂಜೆಯೊಳಗೆ ಆ್ಯಪ್‌ನವರು ನನ್ನ ಮಾತನ್ನು ತೆಗೆದುಹಾಕಿದ್ದರು. ನಿಯಮಕ್ಕೆ ವಿರುದ್ಧವಂತೆ. ಸತ್ತಿದ್ದೀಯಾ ಅಂತ ಕೇಳಿದವನ ಮಾತು ಹಾಗೇ ಇತ್ತು, ಅದು ನಿಯಮದ ಪ್ರಕಾರ ಸರಿ. ನಾನು ಹಾರಾಡಿದೆ. ಹೋಗಲಿ ಬಿಡಮ್ಮ, ಟೈಂಪಾಸ್ ಕತೆಗೆ ಇಷ್ಟು ಯಾಕೆ ಅಂತ ಮಗ ಹೇಳಿದ. ಅವನ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿಯಾದರೆ ಮನೆಯಲ್ಲಿ ಮೂರು ದಿನ ಯಾರೂ ಮಾತಾಡುತ್ತಿರಲಿಲ್ಲ. ಇದು ಮಾತ್ರ ಟೈಂಪಾಸ್.

ಬುಧವಾರ ಅವರು ಹೋದರು. ಗುರುವಾರ ತೆರೆದು ನೋಡಿದರೆ ಕತೆ ಇರಲಿಲ್ಲ. ಒಂದನೇ ಕಂತೂ ಇಲ್ಲ, ಕಡಲಹಕ್ಕಿ ಅನ್ನುವ ಹೆಸರೂ ಇಲ್ಲ. ನಾನು ಅಳಿಸಬೇಡ ಅಂದದ್ದು ಒಂದು ಮಾತು. ಅದರ ಹಿಂದೆ ನಾನು ಆಡಿದ್ದು ಎಷ್ಟು ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತು. ಆ ಗಂಡಸು ಇವತ್ತಿಗೂ ಬೆನ್ನು ಹಾಕಿ ನಿಂತೇ ಇದ್ದಾನೆ.

ಈಗ ನನ್ನ ಕೈಯಲ್ಲಿ ಶ್ರಾವ್ಯಳ ಫೋನು. ಅವಳು ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಓದಲು ನನಗೆ ಬಾರದು, ಓದುವುದೂ ಬೇಕಿರಲಿಲ್ಲ. ಅದನ್ನು ಅಳಿಸು ಅಂದೆ. ನಾನು ಹೇಳಿದ್ದು ಬರಿ. ನಿಮ್ಮ ಊಟ ಆಯ್ತಾ? ಮನೆಯಲ್ಲಿ ಎಲ್ಲರೂ ಸೌಖ್ಯವಾ?

"ಅಜ್ಜಿ, ಇದು ತುಂಬಾ ವಿಯರ್ಡ್. ಅವಳು ಯಾವ ದೇಶದಲ್ಲಿದ್ದಾಳೋ ಗೊತ್ತಿಲ್ಲ."

"ಯಾವ ದೇಶದಲ್ಲಾದರೂ ಉಣ್ಣುವುದಿಲ್ಲವಾ? ಬರಿ."

ಬರೆದಳು. ಮುಂದಿನ ಕಂತು ಯಾವಾಗ ಅಂತ ಕೊನೆಗೆ ಸೇರಿಸಲು ನೋಡಿದಳು, ಕೈ ಹಿಡಿದೆ. ಆಮೇಲೆ ಅದನ್ನು ಗಟ್ಟಿಯಾಗಿ ಓದು ಅಂದೆ. ಇಂಗ್ಲಿಷಿನಲ್ಲಿ ಓದಿದಳು, ಕಿಟಕಿ ತೆರೆದಿತ್ತು, ಮೇಲೆ ಯಾರದೋ ಕುಕ್ಕರು ಕೂಗಿತು. ಸರಿ, ಕಳಿಸು. ಅಳಿಸುವವರಿದ್ದರೆ ಇದನ್ನೂ ಅಳಿಸಲಿ, ನೋಡುವ.