ನಾಲ್ಕನೇ ಸೀಟಿನ ವಾದ

ಮುಂಬೈ ಕನ್ನಡಿಗರ ನಮ್ಮ ಫೇಸ್‌ಬುಕ್ ಗುಂಪಿನಲ್ಲಿ ನನಗೊಬ್ಬರು ಎದುರಾಳಿಯಿದ್ದರು. ಗಂಡೋ, ಹೆಣ್ಣೋ, ಯಂತ್ರವೋ ಗೊತ್ತಿಲ್ಲ. ಫೋಟೊ ಇಲ್ಲದ ಖಾತೆ. ಕಾಲೇಜಿನ ಚರ್ಚಾಸ್ಪರ್ಧೆಗಳು ಮುಗಿದ ಮೇಲೆ ನನ್ನ ವಾದವನ್ನು ಕೊನೆತನಕ ಓದಿ, ಸಡಿಲವಿದ್ದಲ್ಲಿಗೇ ಬೆರಳಿಟ್ಟವರು ಬೇರೆ ಯಾರೂ ಇಲ್ಲ.

ಲೋಕಲ್ ರೈಲಿನಲ್ಲಿ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಅರ್ಧ ಕೂರುತ್ತಾರಲ್ಲ, ಅದು ಹಕ್ಕು, ಕೇಳಲು ಅಂಜಬೇಕಿಲ್ಲ ಎಂದು ಒಮ್ಮೆ ಬರೆದೆ. ಎಲ್ಲರೂ ಲೈಕ್ ಒತ್ತಿದರು. ಆ ಖಾತೆ ಮಾತ್ರ ಕೇಳಿತು: "ಮೂವರೂ ಸರಿಯದಿದ್ದರೆ ಯಾರಲ್ಲಿ ದೂರುವಿರಿ? ದೂರಲಾಗದ್ದನ್ನು ಹಕ್ಕು ಎನ್ನುವುದು ಹೇಗೆ?" ಉತ್ತರ ಟೈಪ್ ಮಾಡುತ್ತ, ಪರೇಲ್‌ನಲ್ಲಿ ಇಳಿಯಬೇಕಾದವಳು ಮುಂದಿನ ಸ್ಟೇಷನ್ನಿಗೆ ಹೋಗಿಬಿಟ್ಟೆ.

ಆಗ ಗುಂಪಿನ ತುಂಬ ಬಾಟ್‌ಗಳು: ಸಾಲ ಕೊಡಿಸುತ್ತೇವೆ, ಜಾತಕ ನೋಡುತ್ತೇವೆ ಎಂದು ಮನುಷ್ಯರ ಹೆಸರಿನಲ್ಲಿ ತಾವಾಗಿಯೇ ಬರೆಯುವ ಖಾತೆಗಳು. ಅವನ್ನು ತೆಗೆಯುವ ಅಡ್ಮಿನ್‌ಗಳು ನಾವು ಮೂವರು: ನಾನು, ಬ್ಯಾಂಕಿನಲ್ಲಿರುವ ಧಾರವಾಡದ ಅಕ್ಕ, ಚೆಂಬೂರಿನಲ್ಲಿ ಹೋಟೆಲಿರುವ ಉಡುಪಿಯ ಅಣ್ಣ. ಆ ಹೋಟೆಲಿನಲ್ಲೇ ಸೇರಿದೆವು.

"ಅಲ್ಲ ತಂಗಿ, ಮುಂಬೈದಾಗ ಹಿಂಗ ಯಾರ್ ಬರೀತಾರ?" ಅಕ್ಕ ಆ ಖಾತೆ ತೋರಿಸಿದರು. "ಒಂದ್ ಹಿಂದಿ ಶಬ್ದ ಇಲ್ಲ, ಒಂದ್ ಇಂಗ್ಲಿಷ್ ಇಲ್ಲ. ಬಾಟ್ ಐತಿ ಇದು."

"ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಓದಿ ಹೇಳಿದೆ ಮಾರಾಯ್ತಿ, ಒಂದಕ್ಷರ ಅರ್ಥ ಆಗ್ಲಿಲ್ಲ ಅವಳಿಗೆ," ಅಣ್ಣ ದನಿಗೂಡಿಸಿದರು.

"ನೀವು ಕನ್ನಡದಲ್ಲಿ ಮಾತಾಡಿದ್ದೂ ಅವಳಿಗೆ ಅರ್ಥ ಆಗಲ್ಲ. ಹಾಗಾದರೆ ನೀವೂ ಬಾಟಾ, ಅಣ್ಣಾ?" ಎಂದೆ.

ನಕ್ಕರು, ಕಾಫಿ ತರಿಸಿದರು, ಒಪ್ಪಲಿಲ್ಲ. ಧ್ವನಿ ಸಂದೇಶ ಕಳಿಸಿ ಮನುಷ್ಯರೆಂದು ತೋರಿಸಲಿ ಎಂದು ತೀರ್ಮಾನವಾಯಿತು. "ನನ್ನ ಧ್ವನಿ ಕೇಳಿದರೆ ನನ್ನ ವಾದ ಸರಿಯೋ ತಪ್ಪೋ ತಿಳಿಯುತ್ತದೆಯೇ?" ಎಂಬ ಉತ್ತರ ಬಂತು, ಧ್ವನಿ ಬರಲಿಲ್ಲ. ಅವರಿಬ್ಬರ ಮತ ಒಂದು ಕಡೆ, ನನ್ನದು ಇನ್ನೊಂದು ಕಡೆ. ಖಾತೆ ಹೋಯಿತು.

ಅದು ಯಂತ್ರವಲ್ಲವೆಂದು ನಾನು ಸಾಧಿಸಲಾರೆ, ಸಾಕ್ಷಿಯಿಲ್ಲ. ಯಂತ್ರವೇ ಆಗಿದ್ದರೂ ಅದರ ಪ್ರಶ್ನೆಗೆ ನನ್ನಲ್ಲಿನ್ನೂ ಉತ್ತರವಿಲ್ಲ. ಈಗ ಏನು ಬರೆದರೂ ವಾದದಲ್ಲಿ ಒಂದು ಕಡೆ ಬೇಕೆಂದೇ ಸಡಿಲ ಬಿಡುತ್ತೇನೆ. ಬೇರೆ ಹೆಸರಿನಲ್ಲಿ ಮರಳಿದ್ದರೆ ಅಲ್ಲಿಗೇ ಬೆರಳಿಡುತ್ತದೆ, ಗುರುತು ಹತ್ತುತ್ತದೆ.

ಮೊನ್ನೆಯೂ ಹಾಗೆ ಬರೆದೆ. ಹೃದಯಗಳು ಬಂದವು, "ಸೂಪರ್ ಮೇಡಂ" ಬಂತು. ಸಂಜೆಯ ಲೋಕಲ್‌ನಲ್ಲಿ ಮೂವರು ಹೆಂಗಸರು ಕೇಳದೆಯೇ ಸರಿದು ಜಾಗ ಕೊಟ್ಟರು. ತುದಿಯಲ್ಲಿ ಅರ್ಧ ಕೂತು, ಕಾಮೆಂಟ್‌ಗಳನ್ನು ಮತ್ತೊಮ್ಮೆ ಕೊನೆಯವರೆಗೆ ನೋಡಿದೆ.