ಕಾಟಾ ನಿಲ್ಲದಂತೆ ನೋಡಿಕೊಳ್ಳುವ ನಾಗಲಕ್ಷ್ಮಿ

ಸಿರುಗುಪ್ಪದ ಅಕ್ಕಿ ಗಿರಣಿಯ ಗೇಟಿನಲ್ಲಿ ಇನ್ನೂ ಮಸುಕು ಬೆಳಕು. ಭತ್ತ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಗಾಡಿ ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ ನಾಗಲಕ್ಷ್ಮಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ತಂದಿಟ್ಟ ಚಹಾ ಕೆನೆಗಟ್ಟಿದೆ, ಅದರತ್ತ ಕಣ್ಣಿಲ್ಲ.

ಕುರುಗೋಡಿನ ಈ ಹೆಣ್ಣುಮಗಳಿಗೆ ಬಳ್ಳಾರಿ ಕಂಟೋನ್ಮೆಂಟಿನ ಪುಟ್ಟ ಕಚೇರಿಯಲ್ಲಿ ನೌಕರಿ. ಕಂಪನಿಗಳ ಹಳೆಯ ಸಾಫ್ಟ್‌ವೇರನ್ನು ಮೈಕ್ರೊಸರ್ವೀಸುಗಳಾಗಿ, ಅಂದರೆ ತಮ್ಮಷ್ಟಕ್ಕೆ ತಾವು ನಡೆಯುವ ಸಣ್ಣ ಸಣ್ಣ ಭಾಗಗಳಾಗಿ, ಬಿಡಿಸುವುದು ಕೆಲಸ. ಗಿರಣಿಯ ಹಳೆಯ ಸಾಫ್ಟ್‌ವೇರ್ ಒಂದು ಅವಿಭಕ್ತ ಕುಟುಂಬ: ಒಬ್ಬರಿಗೆ ಜ್ವರ ಬಂದರೆ ಮನೆಮಂದಿಗೆಲ್ಲ ಗಂಜಿ. ಬಿಲ್ ಮಾಡುವ ಭಾಗ ಕೆಟ್ಟರೆ ತೂಕವೂ ನಿಲ್ಲುತ್ತಿತ್ತು. ಹೊಸದರಲ್ಲಿ ತೂಕ, ತೇವಾಂಶ, ಬಿಲ್ ಎಲ್ಲಕ್ಕೂ ಬೇರೆ ಬೇರೆ ಕಂಟೇನರ್, ಒಂದೊಂದಕ್ಕೂ ಬೇರೆ ಮನೆ ಮಾಡಿಕೊಟ್ಟ ಹಾಗೆ.

"ಒಂದು ಬಿದ್ರ ಅದರ ಜಾಗದಾಗ ಇನ್ನೊಂದು ತಾನ ಏಳತೈತ್ರಿ. ಈ ಕಂಟೇನರ್‌ಗಳ ಗುಂಪಿಗೆ ಕ್ಲಸ್ಟರ್ ಅಂತಾರ, ಅದನ್ನ ಕಾಯಾಕ ಕ್ಲೌಡ್ ಕಂಪನಿಯವ್ರು ಅದಾರ. ಎಲ್ಲಿ ಬಿಡಸ್ಬೇಕು ಅನ್ನೋದು ಮಾತ್ರ ನಾವ ತಿಳ್ಕೋಬೇಕು" ಎನ್ನುತ್ತಾರೆ ನಾಗಲಕ್ಷ್ಮಿ.

ಆ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ. ಕಳೆದ ಸುಗ್ಗಿಯಲ್ಲಿ ತೂಕದ ಭಾಗವನ್ನು ಬೇರೆ ಮಾಡಿದಾಗ ಪ್ರತಿ ಲೋಡಿಗೂ ಟ್ರ್ಯಾಕ್ಟರ್ ನಂಬರನ್ನೇ ಗುರುತಾಗಿ ಇಟ್ಟರು. ದೇಶನೂರಿನ ಕಡೆ ಒಂದೇ ಎಂಜಿನ್ನು ಮೂರು ಮನೆಯ ಟ್ರೇಲರ್ ಎಳೆದು ತರುತ್ತದೆ! ರೈತ ಮಹಿಳೆ ಸುಂಕಲಮ್ಮನವರ ಭತ್ತ ಎಂಜಿನ್ನಿನ ಒಡೆಯನಾದ ಅವರ ಭಾವನ ಹೆಸರಿಗೆ ಹೋಯಿತು. ಅವರು ಕಾಟಾದ ಮೇಲೇ ಕೂತುಬಿಟ್ಟರು: "ನನ್ನ ಭತ್ತ ಎಲ್ಲೈತಿ ತೋರ್ಸು, ಆಮ್ಯಾಲ ಏಳ್ತೀನಿ."

ಗಿರಣಿ ಹಳೆಯ ಸಾಫ್ಟ್‌ವೇರಿಗೇ ಮರಳಿತು. ನಾಗಲಕ್ಷ್ಮಿ ಮರಳಲಿಲ್ಲ. ಸುಗ್ಗಿ ಮುಗಿಯುವವರೆಗೂ ಗೇಟಿನಲ್ಲೇ ನಿಂತು, ಯಾರ ಭತ್ತ ಯಾರ ಗಾಡಿಯ ಹಿಂದೆ ಬರುತ್ತದೆಂದು ನೋಡಿದರು. ಈಗ ಗುರುತು ಟ್ರೇಲರಿಗೆ, ರೈತರ ಹೆಸರಿಗೆ. ಇಂಥ ಹಟ ಕಂಡರೆ ನನಗಂತೂ ಕೈ ಮುಗಿಯಬೇಕೆನಿಸುತ್ತದೆ.

ಮಾಲೀಕ ಚನ್ನಬಸವರಾಜ ಕೊನೆಯ ಅವಕಾಶ ಕೊಟ್ಟಿದ್ದಾರೆ: "ಇವತ್ತೇನಾರ ಕಾಟಾ ನಿಂತ್ರ ಹಳೇದ ಇರ್ಲಿ ಬಿಡಮ್ಮ, ಮತ್ತ ಕೇಳಬ್ಯಾಡ."

ಗೇಟು ತೆರೆಯುತ್ತದೆ. ನಾಲ್ಕಾರು ಗಾಡಿ ದಾಟಿದ ಮೇಲೆ ನಾಗಲಕ್ಷ್ಮಿ ಬಿಲ್ಲಿನ ಭಾಗವನ್ನು ತಾವೇ ಬೀಳಿಸುತ್ತಾರೆ. ಮಾಲೀಕರ ಮುಖ ಬಿಳಿಚಿಕೊಳ್ಳುತ್ತದೆ. "ಕಣ್ಣ ಮುಂದ ಬಿದ್ದು ಏಳಬೇಕ್ರಿ, ಆವಾಗ ನಂಬಿಕಿ ಬರತೈತಿ" ಎನ್ನುತ್ತಾರೆ ನಾಗಲಕ್ಷ್ಮಿ. ಬಿಲ್ಲು ಕ್ಷಣ ತಡವರಿಸಿ ಮತ್ತೆ ಶುರುವಾಗುತ್ತದೆ, ತೂಕ ನಡೆದೇ ಇದೆ.

ಅಷ್ಟರಲ್ಲಿ ಸುಂಕಲಮ್ಮನವರ ಟ್ರೇಲರ್ ಕಾಟಾ ಹತ್ತುತ್ತದೆ, ಅದೇ ಭಾವನ ಎಂಜಿನ್ನಿನ ಹಿಂದೆ. ತೂಕದ ಚೀಟಿಯಲ್ಲಿ ಈ ಸಲ ಅವರದೇ ಹೆಸರು. ಕಿಟಕಿಯಲ್ಲಿ ಇಣುಕಿ ಕೇಳುತ್ತಾರೆ: "ಏನವ್ವಾ, ಇವತ್ತು ಕೆಲಸ ಇಲ್ಲೇನು? ಸುಮ್ನ ಕುಂತೀಯಲ್ಲ."

"ಹೌದಮ್ಮಾ, ಸುಮ್ನ ಕುಂತೀನಿ."

ಟ್ರ್ಯಾಕ್ಟರ್ ದೂರ ಹೋದ ಮೇಲೆ ನಾಗಲಕ್ಷ್ಮಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗುತ್ತಾರೆ. "ಕೆಲಸ ಇಲ್ಲೇನು ಅನ್ನೋ ಈ ಮಾತು ಆಕಿ ಬಾಯಾಗ ಕೇಳಾಕ ಒಂದು ವರ್ಷ ಕಾದೀನ್ರಿ."